ಇಪ್ಪತ್ತನಾಲ್ಕು ಕುರ್ಚಿಗಳ ತಕ್ಕಡಿ

ಬಯಲುನಾಡಿನಲ್ಲಿ ಮಂತ್ರಿಯಾಗಬೇಕೆಂದವರು ಮೊದಲು ತಕ್ಕಡಿ ಏರಬೇಕಿತ್ತು. ಜೋಳ ತೂಗುವ ತಕ್ಕಡಿಯಲ್ಲ ಬಿಡಿ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿದರೆ ಜನರ ಜೀವಕ್ಕೆ ಎಷ್ಟು ನೆಮ್ಮದಿ ಎನ್ನಿಸುತ್ತದೆ ಎಂದು ಅಳೆದು ಹೇಳುವ ಯಂತ್ರ ಅದು. ಸರ್ಕಾರದ ಕಾಗದಪತ್ರಗಳಲ್ಲಿ ಅದಕ್ಕೆ ಜನವಿಶ್ವಾಸ ಮಾಪಕ ಎಂಬ ದೊಡ್ಡ ಹೆಸರಿತ್ತು. ಹೆಸರಿಟ್ಟವರೂ ಸೇರಿ ಯಾರೂ ಅದನ್ನು ಹಾಗೆ ಕರೆಯಲಿಲ್ಲ.

ಇಂಥದ್ದೊಂದು ಯಾಕೆ ಬೇಕಾಯಿತು ಎಂದು ಹೊರಗಿನವರು ಕೇಳಬಹುದು. ಹನ್ನೊಂದು ವರ್ಷದ ಬೂಟಿನ ಕಾಲ ಕಂಡವರು ಕೇಳುವುದಿಲ್ಲ. ಸೇನೆ ಆಳುತ್ತಿದ್ದ ಅಷ್ಟೂ ವರ್ಷ ಜನ ಕೈ ನೋಯುವಂತೆ ಚಪ್ಪಾಳೆ ತಟ್ಟಿದ್ದರು, ಗಂಟಲು ಹರಿಯುವಂತೆ ಜೈ ಎಂದಿದ್ದರು. ಖಜಾನೆ ಬರಿದಾದ ಮೇಲೆ ದಳಪತಿಗಳು ಬ್ಯಾರಕ್ಕಿಗೆ ಮರಳಿದಾಗ, ಬಯಲುನಾಡಿನಲ್ಲಿ ಯಾರ ಬಾಯಿಯ ಮೇಲೂ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಅದೇ ಹೊತ್ತಿಗೆ, ಅಷ್ಟೂ ವರ್ಷ ಪರದೇಶದಲ್ಲಿ ತಲೆ ಉಳಿಸಿಕೊಂಡಿದ್ದ ವಿಜ್ಞಾನಿ ಡಾಕ್ಟರ್ ಪ್ರಭುಸ್ವಾಮಿ ಮೊದಲ ವಿಮಾನದಲ್ಲಿ ಬಂದಿಳಿದರು. "ಬಾಯಿ ಸುಳ್ಳು ಹೇಳುತ್ತದೆ, ಕೈ ಸುಳ್ಳು ಹೇಳುತ್ತದೆ, ನಾಡಿ ಸುಳ್ಳು ಹೇಳುವುದಿಲ್ಲ" ಎಂದರು. ಹೊಸ ಶಾಸನಸಭೆ ಆ ಮಾತಿಗೆ ಮರುಳಾಗಿ ಒಂದೇ ವಾರದಲ್ಲಿ ಕಾನೂನು ಮಾಡಿಬಿಟ್ಟಿತು.

ಕ್ರಮ ಸರಳ. ಚೀಟಿ ಎತ್ತಿ ಇಪ್ಪತ್ತನಾಲ್ಕು ಮಂದಿ ಸಾಮಾನ್ಯರನ್ನು ಕರೆಸುವುದು, ಇಪ್ಪತ್ತನಾಲ್ಕು ಕುರ್ಚಿಗಳಲ್ಲಿ ಕೂರಿಸುವುದು. ಕುರ್ಚಿಯ ಪೀಠದಲ್ಲಿ, ಕೈಯಿಡುವ ಕಡೆ ತೆಳುವಾದ ತಗಡುಗಳು. ಅವು ನಾಡಿ, ಉಸಿರು, ಅಂಗೈಯ ಬೆವರು ಮೂರನ್ನೂ ಓದುತ್ತವೆ. ಮಂತ್ರಿಯಾಗಬೇಕಾದವರು ಎದುರಿಗೆ ಕೂತು ಕಾಲು ಗಂಟೆ ಏನಾದರೂ ಓದಬೇಕು. ಕೂತವರು ತುಟಿ ಬಿಚ್ಚಬಾರದು. ಕೊನೆಗೆ ಗೋಡೆಯ ಮೇಲೆ ನೂರರೊಳಗಿನ ಒಂದು ಅಂಕಿ ಬೀಳುತ್ತದೆ. ಅರುವತ್ತು ದಾಟಿದರೆ ಖಾತೆ, ಇಲ್ಲದಿದ್ದರೆ ಮನೆ. ನಾಲ್ಕು ತಿಂಗಳಿಗೊಮ್ಮೆ ಎಲ್ಲರಿಗೂ ಮರುತೂಕ. ಹಾಗಾಗಿ ನಾಲ್ಕು ತಿಂಗಳಿಗೊಮ್ಮೆ ಸಂಪುಟ ಪುನಾರಚನೆಯೂ ತಪ್ಪದೆ ನಡೆಯುತ್ತಿತ್ತು.

ಈ ತಕ್ಕಡಿಯನ್ನು ನಡೆಸುತ್ತಿದ್ದವಳು ದಾಕ್ಷಾಯಣಿ ಹುಣಸಿಕಟ್ಟಿ. ಮೊದಲು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದಳು, ವಯಸ್ಸು ನಲವತ್ತೆರಡು. ಆಕೆ "ತೂಕ ಸರಿಯಿದೆ" ಎಂದು ಬರೆದು ಸಹಿ ಹಾಕದೆ ಬಯಲುನಾಡಿನಲ್ಲಿ ಒಬ್ಬ ಮಂತ್ರಿಯೂ ಪ್ರಮಾಣ ಮಾಡುವಂತಿರಲಿಲ್ಲ. ಅಷ್ಟು ದೊಡ್ಡ ಅಧಿಕಾರಕ್ಕೆ ಆಕೆಗೆ ಸಿಕ್ಕಿದ್ದು ಒಂದು ಸ್ಟೂಲು, ಕಾಲು ಮುರಿದ ಮೇಜು.

ಎರಡನೆಯ ಪುನಾರಚನೆಯ ಮೊದಲ ದಿನವೇ ಆಕೆಗೆ ತಳಮಳ ಶುರುವಾಯಿತು. ಅಂದು ಕುಡಿಯುವ ನೀರಿನ ಮಂತ್ರಿ ಗುರುಬಸವ್ವನ ಮರುತೂಕ. ಬೂಟಿನ ಕಾಲದಲ್ಲಿ ಒಣಗಿಹೋಗಿದ್ದ ನೂರಾರು ಹಳ್ಳಿಗಳ ನಳದಲ್ಲಿ ನೀರು ತರಿಸಿದ ಗಟ್ಟಿ ಹೆಂಗಸು. ಆಕೆ ಓದತೊಡಗಿದ್ದೇ ತಡ, ಕುರ್ಚಿಗಳಲ್ಲಿ ಚಡಪಡಿಕೆ. ಒಬ್ಬ ಆಕಳಿಸಿದ, ಒಬ್ಬಳು ಸೆರಗಿನಿಂದ ಗಾಳಿ ಹಾಕಿಕೊಂಡಳು, ಇನ್ನೊಬ್ಬ ತೊಡೆ ಕೆರೆದುಕೊಂಡ. ಹಿಂದಿನ ಸಾಲಿನ ಮುದುಕನೊಬ್ಬನಿಗಂತೂ ತಡೆಯಲಾಗಲಿಲ್ಲ.

"ಯವ್ವಾ, ಎಲ್ಲಾ ಛಲೋ. ಆದರ ನಮ್ಮ ಓಣ್ಯಾಗ ನೀರು ಬಂದು ಎಂಟು ದಿನಾತು! ನೀ ಇಲ್ಲಿ ಕುಂತು ಪುಸ್ತಕಾ ಓದಾಕತ್ತಿ!"

"ಸುಮ್ಮನ ಕೂಡೋ ಕಾಕಾ, ಮಾತಾಡಬಾರದಂತ," ಎಂದಳು ಗುರುಬಸವ್ವ ನಗುತ್ತ. ಆಕೆಯ ನಗು ಮುಗಿಯುವಷ್ಟರಲ್ಲಿ ಗೋಡೆಯ ಮೇಲೆ ಮೂವತ್ತೆಂಟು ಬಿತ್ತು. ಯಂತ್ರದ ಲೆಕ್ಕದಲ್ಲಿ ಆಕೆಯನ್ನು ಕಂಡು ಜನರ ನೆಮ್ಮದಿ ಕೆಟ್ಟಿತ್ತು. ಗುರುಬಸವ್ವ ಕನ್ನಡಕ ಮಡಚಿಕೊಂಡು, "ಹೋಗಲಿ ಬಿಡ್ರಿ, ಮೊಮ್ಮಕ್ಕಳನ್ನ ನೋಡಿ ಭಾಳ ದಿನಾ ಆಗಿತ್ತು," ಎಂದು ಎದ್ದು ಹೋದಳು.

ಮೊದಲ ಸಂಪುಟದಲ್ಲಿ ಮಾಜಿ ಸೈನ್ಯಾಧಿಕಾರಿಗಳು ಒಬ್ಬರೂ ಇರಲಿಲ್ಲ. ಎರಡನೆಯದರಲ್ಲಿ ಮೂವರು. ಈ ಸಲ ಮೊದಲ ದಿನವೇ ಆರು ಮಂದಿ ತೂಕದಲ್ಲಿ ಗೆದ್ದಿದ್ದರು, ಎಲ್ಲರದೂ ಎಂಬತ್ತರ ಮೇಲೆ. ಪತ್ರಿಕೆಗಳು 'ಜನ ಕ್ಷಮಿಸಿದರು' ಎಂದು ಬರೆದವು. ಕ್ಷಮೆ ಇಷ್ಟು ಸಲೀಸಾಗಿ, ಅದೂ ಇಷ್ಟು ಮಂದಿಯ ಎದೆಯಲ್ಲಿ ಒಟ್ಟಿಗೆ ಹುಟ್ಟುತ್ತದೆಯೇ ಎಂದು ದಾಕ್ಷಾಯಣಿಗೆ ಅನ್ನಿಸಿತು, ಆದರೆ ಯಂತ್ರ ನೋಡಿಕೊಳ್ಳುವವಳಿಗೆ ಆ ಉಸಾಬರಿ ಯಾಕೆ ಎಂದು ಸುಮ್ಮನಾದಳು.

ಸುಮ್ಮನಿರಲು ಆಗದಂಥ ಸುದ್ದಿ ಮರುದಿನವೇ ಬಂತು. ಅದು ಬಂದದ್ದು ಆಕೆಯ ಅಡುಗೆಮನೆಗೆ.

ಕಚೇರಿಯ ಬೆಸುಗೆ ಕಡ್ಡಿ ಕೆಟ್ಟಿತ್ತೆಂದು ಒಂಬತ್ತನೇ ಕುರ್ಚಿಯ ತಗಡನ್ನು ಆಕೆ ಮನೆಗೇ ತಂದು ರಿಪೇರಿ ಮಾಡಿದ್ದಳು. ಸರಿಹೋಯಿತೋ ಇಲ್ಲವೋ ನೋಡಬೇಕಲ್ಲ, ಮಧ್ಯಾಹ್ನ ಊಟಕ್ಕೆ ಕೂತ ಗಂಡನ ಕೆಳಗೆ ಅದನ್ನು ಸರಿಸಿದಳು. ಗಂಡ ಮಡಿವಾಳಪ್ಪ ಒಂದು ಕಾಲದಲ್ಲಿ ಶಾಲೆಯ ಹೆಡ್‌ಮಾಸ್ಟರು. ಬೂಟಿನ ಕಾಲದಲ್ಲಿ ಹದಿನಾಲ್ಕು ತಿಂಗಳು ಒಳಗಿದ್ದು ಬಂದ ಮೇಲೆ ಮಕ್ಕಳ ಗದ್ದಲ ತಡೆಯಲಾರದೆ, ಮನೆಯಲ್ಲೇ ಕೂತು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ.

"ಏನಿದು ನಿನ್ನ ಆಟ? ಕುಂಡಿ ತಣ್ಣಗಾತು," ಎಂದ.

"ಸುಮ್ಮನ ಉಣ್ರೀ. ನಿಮ್ಮ ಜೀವ ಎಷ್ಟು ಆರಾಮ ಐತಿ ನೋಡ್ತೀನಿ."

ಕೈಯಲ್ಲಿದ್ದ ಪುಟ್ಟ ಪರದೆಯಲ್ಲಿ ಐವತ್ತೊಂದು, ಐವತ್ತನಾಲ್ಕು, ನಲವತ್ತೊಂಬತ್ತು ಎಂದು ಅಂಕಿ ಓಡಾಡಿತು. ಉಣ್ಣುವ ಮನುಷ್ಯನ ಅಂಕಿ ಹೀಗೇ, ಒಂದೆಡೆ ನಿಲ್ಲುವುದಿಲ್ಲ. ಆಗ ರೇಡಿಯೋದಲ್ಲಿ ವಾರ್ತೆ ಬಂತು. ಪ್ರಧಾನಿ ನಿಜಗುಣಪ್ಪನವರು ಉದ್ಯಾನ ಮಂತ್ರಿ ಇಂದುಧರ ಸರದೇಸಾಯಿ ಅವರಿಗೆ ಗೃಹ ಖಾತೆ ವಹಿಸಲು ತೀರ್ಮಾನಿಸಿದ್ದಾರೆ, ನಾಳೆ ಹನ್ನೊಂದು ಗಂಟೆಗೆ ತೂಕ.

ಪರದೆಯ ಮೇಲೆ ತೊಂಬತ್ತನಾಲ್ಕು.

ದಾಕ್ಷಾಯಣಿ ತಗಡು ಮತ್ತೆ ಕೆಟ್ಟಿತೆಂದುಕೊಂಡು ತಲೆಯೆತ್ತಿದಳು. ಗಂಡನ ಮುಖ ನೋಡಿದಳು. ಬಾಯಲ್ಲಿಟ್ಟ ರೊಟ್ಟಿ ತುಣುಕು ದವಡೆಯಲ್ಲೇ ನಿಂತಿತ್ತು. ಅಗಿಯುತ್ತಿರಲಿಲ್ಲ, ನುಂಗುತ್ತಿರಲಿಲ್ಲ. ಹೆಗಲು ಸಡಿಲ, ಕಣ್ಣು ತಿಳಿ, ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವಳಿಗೆ ಗೊತ್ತಿರದೆ ಇರುತ್ತದೆಯೇ? ಆತ ಜೀವಭಯದಲ್ಲಿದ್ದ.

"ಏನ್ರೀ," ಎಂದಳು ಮೆಲ್ಲಗೆ. "ನುಂಗ್ರಿ."

ನುಂಗಿದ. ನೀರು ಕುಡಿದ. ಕೈ ಚಾಚಿ ರೇಡಿಯೋ ಆರಿಸಿದ.

"ಅಂವ ಒಂದು ಏಟು ಹೊಡದಾವಲ್ಲ, ದಾಕ್ಷಾ. ಜೇಲಿಗೆ ಬಂದು ನಮ್ಮ ಮುಂದ ಕೂಡತಿದ್ದ. 'ಊಟಾತೇನ್ರಿ ಮಾಸ್ತರ? ಮನಿಯವರು ಆರಾಮ ಅದಾರ?' ಅಂತಿದ್ದ, ಅಷ್ಟ. ಅಂವ ಎದ್ದು ಹೋದ ಮ್ಯಾಲೆ ಉಳಿದವರು ಬರತಿದ್ದರು. ಅಂವ ಇರೋ ತನಕ ನಾವು ಸ್ವಲ್ಪಾನೂ ಅಳುಕಬಾರದು. ಅಳುಕಿದವರ ಹೆಸರು ಮೊದಲು ಬರಕೊಳತಿದ್ದ."

"ಅದಕ್ಕ ಗೇಟಿನ ಉಸಿರು ಹಿಡೀತಿದ್ದಿರಿ."

"ಹಿಡಿಯೂದೇನು, ತಾನ ಬರತಿತ್ತು. ಈಗೂ ಬಂತಲ್ಲ."

ಗೇಟಿನ ಉಸಿರು! ಬೂಟಿನ ಕಾಲದಲ್ಲಿ ಪ್ರತಿ ಚೌಕದಲ್ಲೂ ಒಂದು ಗೇಟು, ಗೇಟಿನಲ್ಲಿ ನಾಡಿ ಓದುವ ಒಂದು ಕಂಬ. ಕಂಬದ ಮುಂದೆ ಹಾಯುವಾಗ ಎದೆ ಡವಗುಟ್ಟಿದವರನ್ನು, ಅಂಗೈ ಬೆವೆತವರನ್ನು ಎಡಕ್ಕೆ ಎಳೆದುಕೊಳ್ಳುತ್ತಿದ್ದರು. ಅದಕ್ಕೇ ಪ್ರತಿ ಮನೆಯಲ್ಲೂ ಹೆಂಗಸರು ರೊಟ್ಟಿ ಬಡಿಯುತ್ತ ಮಕ್ಕಳಿಗೆ ಉಸಿರು ಕಲಿಸಿದ್ದರು. ನಾಲ್ಕು ಬಡಿತಕ್ಕೆ ಒಳಗೆ, ಏಳು ಬಡಿತಕ್ಕೆ ಹೊರಗೆ. ಹೆಚ್ಚು ಹೆದರಿಕೆಯಾದಷ್ಟೂ ಹೆಚ್ಚು ತಣ್ಣಗೆ. ಹನ್ನೊಂದು ವರ್ಷದಲ್ಲಿ ಅದು ಅಭ್ಯಾಸವಾಗಿ, ಅಭ್ಯಾಸ ಮೈಗೆ ಅಂಟಿ, ಅಂಟಿದ್ದು ಮರೆತೂ ಹೋಗಿತ್ತು. ತನ್ನ ಬಾಯಿಯ ಎಂಜಲಿಗೆ ರುಚಿ ಇದೆಯೆಂದು ಯಾರಿಗೆ ಗೊತ್ತಾಗುತ್ತದೆ? ಎಂಟು ತಿಂಗಳು ಆ ಯಂತ್ರದ ಮುಂದೆ ಕೂತಿದ್ದ ದಾಕ್ಷಾಯಣಿಗೂ ಗೊತ್ತಾಗಿರಲಿಲ್ಲ.

ತಕ್ಕಡಿ ಅಳೆಯುತ್ತಿದ್ದದ್ದು ನೆಮ್ಮದಿಯನ್ನಲ್ಲ. ಜನ ಯಾರಿಗೆ ಹೆಚ್ಚು ಹೆದರುತ್ತಾರೋ ಅವರನ್ನೇ ಅದು ಒಬ್ಬೊಬ್ಬರಾಗಿ ಆರಿಸಿ ಸಂಪುಟಕ್ಕೆ ಕಳಿಸುತ್ತಿತ್ತು.

"ಗೃಹ ಖಾತಿ ಅಂವಗ ಹೋದರ..." ಎಂದು ಮಡಿವಾಳಪ್ಪ ಅಷ್ಟಕ್ಕೇ ನಿಲ್ಲಿಸಿದ. ಮುಂದಿನದು ಇಬ್ಬರಿಗೂ ಗೊತ್ತಿತ್ತು. ಹೊಸ ಸರ್ಕಾರ ಬಂದಾಗ, ಕಾಣೆಯಾದವರ ಬಗ್ಗೆ ಗೊತ್ತಿದ್ದನ್ನು ಹೇಳಿ, ಹೆಸರು ಗುಟ್ಟಾಗಿಡುತ್ತೇವೆ ಎಂದು ಜನರನ್ನು ಕೇಳಿಕೊಂಡಿತ್ತು. ಮೂರು ಸಾವಿರ ಮಂದಿ ಹೆಸರು ವಿಳಾಸ ಸಮೇತ ಹೇಳಿಕೆ ಬರೆದುಕೊಟ್ಟಿದ್ದರು. ಮಡಿವಾಳಪ್ಪನ ಹೇಳಿಕೆಯಲ್ಲಿ ಇಂದುಧರನ ಹೆಸರು ಹದಿನೇಳು ಸಲ ಬರುತ್ತಿತ್ತು. ಆ ಹೇಳಿಕೆಗಳೆಲ್ಲ ಗೃಹ ಇಲಾಖೆಯ ಕಪಾಟಿನಲ್ಲಿದ್ದವು, ಕಪಾಟಿನ ಕೀಲಿ ಗೃಹ ಮಂತ್ರಿಯ ಕೈಯಲ್ಲಿ.

"ನಾನು ಸಹಿ ಹಾಕೂದಿಲ್ಲ," ಎಂದಳು ದಾಕ್ಷಾಯಣಿ.

"ಹಾಕದಿದ್ದರ ಇನ್ನೊಬ್ಬಾಕಿ ಹಾಕತಾಳ. ಹುಚ್ಚರಂಗ ಮಾಡಬ್ಯಾಡ." ಆತ ತಾಟು ಸರಿಸಿ ಎದ್ದ. ರಟ್ಟಿನ ಮೇಲೆ ಅಂಟು ಸವರಲು ಕೂತವನು ಒಂದೇ ರಟ್ಟಿಗೆ ಮೂರು ಸಲ ಸವರಿದ.

ಆಕೆ ಉಣ್ಣಲಿಲ್ಲ. ಬಿಸಿಲಲ್ಲೇ ಕಚೇರಿಗೆ ಓಡಿ ಹಳೆಯ ತೂಕಗಳ ಗೆರೆಗಳನ್ನು ತೆಗೆದಳು. ಗುರುಬಸವ್ವನ ತೂಕದಲ್ಲಿ ಇಪ್ಪತ್ತನಾಲ್ಕು ಮಂದಿಯ ಉಸಿರಿನ ಗೆರೆ ಇಪ್ಪತ್ತನಾಲ್ಕು ದಿಕ್ಕಿಗೆ ಹೋಗಿತ್ತು. ಕೆಮ್ಮಿದವರದು ಕೆಮ್ಮಿದಂತೆ, ನಕ್ಕವರದು ನಕ್ಕಂತೆ. ನಾಲ್ಕು ತಿಂಗಳ ಹಿಂದೆ ಉದ್ಯಾನ ಖಾತೆಗೆ ನಡೆದ ಇಂದುಧರನ ತೂಕದಲ್ಲಿ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಇಪ್ಪತ್ತನಾಲ್ಕೂ ಸೇರಿ ಒಂದೇ ಗೆರೆ. ನಾಲ್ಕು ಒಳಗೆ, ಏಳು ಹೊರಗೆ.

ಡಾಕ್ಟರ್ ಪ್ರಭುಸ್ವಾಮಿ ಅದನ್ನೆಲ್ಲ ನೋಡಿ ಕೇಳಿದ ಮೊದಲ ಪ್ರಶ್ನೆ, "ಗೇಟಿನ ಉಸಿರು ಅಂದರೇನಮ್ಮ?"

ದಾಕ್ಷಾಯಣಿಗೆ ಆಗ ಅರಿವಾಯಿತು. ನಿಜವಲ್ಲವೇ! ಈ ಮನುಷ್ಯ ಒಂದು ದಿನವೂ ಗೇಟು ದಾಟಿದವನಲ್ಲ. ಯಂತ್ರವನ್ನು ಪರದೇಶದ ಜನರ ಮೇಲೆ ಪರೀಕ್ಷಿಸಿ, ಗೇಟು ದಾಟಿದವರ ನಾಡಿಗೆ ತಂದಿಟ್ಟಿದ್ದ. ಆಕೆ ವಿವರಿಸಿದಳು. ರೊಟ್ಟಿ ಬಡಿದಂತೆ ಮೇಜು ಬಡಿದೂ ತೋರಿಸಿದಳು. ಅವರ ಮುಖ ಮೊದಲು ಕೆಂಪಗಾಗಿ ಆಮೇಲೆ ಬಿಳುಚಿತು.

"ಹಾಗಾದರೆ ಮೂರು ಸಂಪುಟಗಳೂ..." ಎಂದು ಕುರ್ಚಿಗೆ ಒರಗಿದರು. "ಇಲ್ಲ. ಇದನ್ನು ಹೊರಗೆ ಹೇಳಿದರೆ ಏನಾಗುತ್ತದೆ ಗೊತ್ತೆ? ಇವರ ಕೈಯಲ್ಲಿ ಒಬ್ಬ ಮಂತ್ರಿಯನ್ನು ಆರಿಸಲೂ ಆಗುವುದಿಲ್ಲ ಅಂತ ಬ್ಯಾರಕ್ಕಿನವರು ಮತ್ತೆ ಹೊರಗೆ ಬರುತ್ತಾರೆ."

"ಹೊರಗ ಬರಾಕ ಏನೈತ್ರಿ? ಅವರಾಗಲೇ ಆರು ಮಂದಿ ಒಳಗ ಬಂದು ಕುಂತಾರ!"

"ಒಂದು ತಗಡು, ಒಬ್ಬ ಗಂಡ, ಕೆಲವು ಗೆರೆ. ಇದು ಪುರಾವೆ ಅಲ್ಲ. ನಾಳೆ ಸಭೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂಥದ್ದು ಬೇಕು." ಅವರು ಸುಳ್ಳುಗಾರರಾಗಿರಲಿಲ್ಲ, ಹೆದರಿದ್ದರು. ತಾನು ಹೆತ್ತ ಕೂಸು ಕಳ್ಳನೆಂದರೆ ಯಾವ ತಾಯಿ ತಟ್ಟನೆ ಹೂಂ ಅನ್ನುತ್ತಾಳೆ?

ದಾಕ್ಷಾಯಣಿಗೆ ಒಂದು ದಾರಿ ಹೊಳೆಯಿತು. ಗೇಟಿನ ಉಸಿರು ಹಿಡಿದವರು ಮಾತಾಡಲಾರರು, ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಎದೆ ತನ್ನ ನಿಜ ತೋರಿಸಿಬಿಡುತ್ತದೆ. ಕೂತವರು ಮಾತಾಡಬಾರದೆಂಬ ನಿಯಮವೇನೋ ಸರಿ, ಆದರೆ ಸಂಶಯ ಬಂದರೆ ತೂಕದ ನಡುವೆ ಹಾಜರಿ ತೆಗೆದುಕೊಳ್ಳುವ ಹಕ್ಕು ತಕ್ಕಡಿ ನಡೆಸುವವರಿಗೆ ಇತ್ತು. ಈವರೆಗೆ ಯಾರೂ ತೆಗೆದುಕೊಂಡಿರಲಿಲ್ಲ. ಒಬ್ಬೊಬ್ಬರೂ ಬಾಯಿಬಿಟ್ಟು ಹೆಸರು, ಓಣಿ ಹೇಳಲಿ. ಅಂಕಿ ದಡದಡ ಇಳಿಯುವುದನ್ನು ಪ್ರಧಾನಿಯೇ ಕಣ್ಣಾರೆ ನೋಡಲಿ.

ಮರುದಿನ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಇಂದುಧರ ಸರದೇಸಾಯಿ ಬಂದ. ಬಿಳಿ ಜುಬ್ಬಾ, ಮುಖದಲ್ಲಿ ಮಂದಹಾಸ. ನೇರ ತನ್ನ ಜಾಗಕ್ಕೆ ಹೋಗದೆ ದಾಕ್ಷಾಯಣಿಯ ಮೇಜಿನ ಹತ್ತಿರ ನಿಂತ.

"ಆರಾಮೇನ್ರಿ ದಾಕ್ಷಾಯಣಿಯವರ? ಮನಿಯವರು ಆರಾಮ? ರಟ್ಟು ಕಟ್ಟೋ ಕೆಲಸಾ ಹಿಡದಾರಂತ, ಛಲೋ ಆತು. ಕೈಗೆ ಕೆಲಸ ಇರಬೇಕು."

"ಆರಾಮ ಅದಾರ್ರಿ," ಎಂದಳು. ಹೇಳುವಾಗ ತನ್ನ ಎದೆ ಎಷ್ಟು ನಿಧಾನವಾಗಿ ಬಡಿಯುತ್ತಿದೆ ಎಂದು ಆಕೆಗೆ ತಿಳಿಯಿತು, ತನ್ನ ಮೈಯ ಮೇಲೆ ತನಗೇ ಸಿಟ್ಟು ಬಂತು.

ಪ್ರಧಾನಿ ನಿಜಗುಣಪ್ಪ ಬಂದು ಎತ್ತರದ ಪೀಠದಲ್ಲಿ ಕೂತರು. ಎಪ್ಪತ್ತು ದಾಟಿದ ಹಳೆಯ ವಕೀಲರು, ಕಾಗದ ಕಂಡರೆ ಓದದೆ ಬಿಡದವರು. ಅವರ ಕೈಯಲ್ಲಿ ಅಂದಿನ ಇಪ್ಪತ್ತನಾಲ್ಕು ಮಂದಿಯ ಪಟ್ಟಿ ಇತ್ತು. ಪತ್ರಕರ್ತರು ಗೋಡೆಗೆ ಒತ್ತಿ ನಿಂತಿದ್ದರು. ಇಂದುಧರ ಬೇವಿನ ಸಸಿ ನೆಡುವ ಯೋಜನೆಯೊಂದನ್ನು ಓದತೊಡಗಿದ. ಇಪ್ಪತ್ತನಾಲ್ಕು ಮಂದಿ ಕೆಮ್ಮಲಿಲ್ಲ, ಕೆರೆದುಕೊಳ್ಳಲಿಲ್ಲ. ಅಂಕಿ ಎಂಬತ್ತೊಂಬತ್ತಾಯಿತು, ತೊಂಬತ್ತಮೂರಾಯಿತು.

ದಾಕ್ಷಾಯಣಿ ಗಂಟೆ ಬಾರಿಸಿದಳು. "ಹಾಜರಿ ತೊಗೋಬೇಕು."

ಇಂದುಧರ ಓದು ನಿಲ್ಲಿಸಿ ನಕ್ಕ. "ಅಗತ್ಯ ಐತೇನ್ರಿ?"

"ನಿಯಮದಾಗ ಐತಿ," ಎಂದರು ಪ್ರಧಾನಿ. "ನಡೀಲಿ."

ಮೊದಲನೆಯ ಕುರ್ಚಿಯಲ್ಲಿ ಐವತ್ತರ ಒಬ್ಬ ಹೆಂಗಸು. "ಹೆಸರು, ಓಣಿ ಹೇಳವ್ವಾ," ಎಂದಳು ದಾಕ್ಷಾಯಣಿ.

"ಶಂಕ್ರವ್ವ. ಗಾಣಿಗೇರ ಓಣಿ."

ಅಂಕಿ ತೊಂಬತ್ತೊಂದಕ್ಕೆ ಇಳಿದು ಮತ್ತೆ ತೊಂಬತ್ತಮೂರಕ್ಕೆ ಏರಿತು.

"ಕಲ್ಲಪ್ಪ. ಕಿಲ್ಲೆದ ಓಣಿ." ತೊಂಬತ್ತಮೂರು. "ದುರುಗಪ್ಪ. ಮಡ್ಡಿ ಪ್ಲಾಟ್." ತೊಂಬತ್ತನಾಲ್ಕು. ಹೆಸರಿನ ಮೇಲೆ ಹೆಸರು ಬಂತು, ಎಲ್ಲ ಒಂದೇ ಸಪ್ಪೆ ದನಿಯಲ್ಲಿ, ಒಬ್ಬರಿಗೂ ನಾಲಗೆ ತೊದಲದೆ. ಒಂಬತ್ತನೆಯವರ ಹೊತ್ತಿಗೆ ಅಂಕಿ ತೊಂಬತ್ತಾರು. ದಾಕ್ಷಾಯಣಿಯ ಲೆಕ್ಕ ತಲೆಕೆಳಗಾಗಿತ್ತು. ಈ ಜನ ಮಾತಾಡುತ್ತಲೂ ಗೇಟಿನ ಉಸಿರು ಹಿಡಿಯಬಲ್ಲವರಾಗಿದ್ದರು. ಹಾಜರಿ ಮುಗಿದರೆ ಇವನೇ ಗೃಹ ಮಂತ್ರಿ, ಸಾಯಂಕಾಲಕ್ಕೆ ಕಪಾಟಿನ ಕೀಲಿ ಇವನ ಜುಬ್ಬಾದ ಕಿಸೆಯಲ್ಲಿ. ಮನೆಯಲ್ಲಿ ಒಂದೇ ರಟ್ಟಿಗೆ ಅಂಟು ಸವರುತ್ತ ಕೂತವನ ಮುಖ ಕಣ್ಣಿಗೆ ಬಂದು, ದೇವರೇ, ಓಡಿಹೋಗೋಣವೆಂದರೂ ಎಲ್ಲಿಗೆ ಅನ್ನಿಸಿತು.

"ತಡೀರಿ, ತಡೀರಿ," ಎಂದರು ನಿಜಗುಣಪ್ಪ. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. "ಒಂದನೇ ಕುರ್ಚಿ. ಇಲ್ಲಿ ಕಾಶವ್ವ ಅಂತ ಐತಿ. ಎರಡನೇದು ರಾಚಪ್ಪ. ಮೂರನೇದು ದುರುಗಪ್ಪ ಅಲ್ಲ, ಹನುಮಂತ. ಏನ್ರಿ ಇದು, ಒಂದೂ ಕೂಡವಲ್ದು!"

ಅಂಕಿಯ ಮೇಲೇ ಕಣ್ಣಿಟ್ಟಿದ್ದ ದಾಕ್ಷಾಯಣಿ ಅಷ್ಟು ಹೊತ್ತು ತನ್ನ ಮೇಜಿನ ಮೇಲಿದ್ದ ಪಟ್ಟಿಯ ಪ್ರತಿಯ ಕಡೆ ನೋಡೇ ಇರಲಿಲ್ಲ. ಈಗ ನೋಡಿದಳು. ಒಂಬತ್ತಕ್ಕೆ ಒಂಬತ್ತೂ ಬೇರೆ.

"ಪಟ್ಟಿ ತಪ್ಪಾಗಿರಬೇಕು," ಎಂದರು ಪ್ರಭುಸ್ವಾಮಿ.

"ಪಟ್ಟಿ ತಪ್ಪಿಲ್ಲರಿ," ಎಂದಳು ದಾಕ್ಷಾಯಣಿ. "ಮುಂಜಾನೆ ಬಾಗಲದಾಗ ಹೆಬ್ಬೆಟ್ಟು ಒತ್ತಿಸಿ ನಾನ ಒಳಗ ಬಿಟ್ಟೇನಿ."

"ಪಾಪ, ಮಂದಿಗೆ ಗಾಬರಿ ಆಗೇತಿ," ಎಂದ ಇಂದುಧರ ಮೃದುವಾಗಿ.

"ಗಾಬರಿ ಆಗಿದ್ದರ ತೊಂಬತ್ತಾರು ಹೆಂಗ ಬಂತ್ರಿ?" ಎಂದರು ನಿಜಗುಣಪ್ಪ.

ದಾಕ್ಷಾಯಣಿಗೆ ಎಲ್ಲ ಥಟ್ಟನೆ ತಿಳಿದು ಕಣ್ಣು ತುಂಬಿತು. ಬೂಟಿನ ಕಾಲದಲ್ಲಿ ಬೀದಿಯಲ್ಲಿ ಯಾರಾದರೂ ಅಧಿಕಾರಿ ನಿಲ್ಲಿಸಿ ಹೆಸರು ಕೇಳಿದರೆ ಕೊಡಬೇಕಾದ ಹೆಸರು ಯಾವುದೆಂದು ಪ್ರತಿ ಮನೆಯಲ್ಲೂ ಮೊದಲೇ ತೀರ್ಮಾನವಾಗಿರುತ್ತಿತ್ತು. ಮನೆಯಲ್ಲಿ ಸತ್ತವರ ಹೆಸರು. ಸತ್ತವರನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ಆಕೆ ತಾನೇ ಎಷ್ಟು ಸಲ ತೀರಿಹೋದ ಅಕ್ಕನ ಹೆಸರು ಹೇಳಿದ್ದಳು.

ನಿಜಗುಣಪ್ಪ ಪಟ್ಟಿಯನ್ನು ಮಡಚಿದರು. ಅವರೂ ಈ ನಾಡಿನಲ್ಲೇ ಹನ್ನೊಂದು ವರ್ಷ ಕಳೆದವರು. ಮಾತಾಡುವ ಮೊದಲು ಅವರ ಎದೆ ನಿಧಾನವಾಗಿ ಏರಿ, ಇನ್ನೂ ನಿಧಾನವಾಗಿ ಇಳಿದದ್ದು ದಾಕ್ಷಾಯಣಿಗೆ ಕಂಡಿತು.

"ಇಂದುಧರ ಅವರ, ಒಂದೈದು ನಿಮಿಷ ಹೊರಗ ಕೂಡ್ರಿ."

ಇಂದುಧರ ಏಳಲಿಲ್ಲ. ಪ್ರಧಾನಿಯ ಮುಖವನ್ನೇ ನೋಡಿದ. ನೋಟ ಎಷ್ಟು ಹೊತ್ತಿತ್ತೋ, ಗೋಡೆಗೆ ಒತ್ತಿ ನಿಂತ ಪತ್ರಕರ್ತರೂ ಉಸಿರಾಡುವುದನ್ನು ಮರೆತಿದ್ದರು. ಆಮೇಲೆ ಎದ್ದ, ಜುಬ್ಬಾ ಸರಿಮಾಡಿಕೊಂಡ, ಎಲ್ಲರಿಗೂ ಕೈಮುಗಿದು ಹೊರಗೆ ಹೋದ.

ಪ್ರಧಾನಿ ಪೀಠದಿಂದ ಇಳಿದು ಬಂದು ಮೊದಲನೆಯ ಕುರ್ಚಿಯ ಮುಂದೆ ನಿಂತರು. "ಯವ್ವಾ, ನಿನ್ನ ಹೆಸರೇನು?"

ಆ ಹೆಂಗಸು ಅವರನ್ನು ನೋಡಿದಳು, ಅವರ ಹಿಂದೆ ನೋಡಿದಳು. "ಬಾಗಲಾ ತೆರದೈತ್ರಿ," ಎಂದಳು.

ಬಯಲುನಾಡಿನ ಪ್ರಧಾನಿ ತಾವೇ ನಡೆದುಹೋಗಿ ಬಾಗಿಲು ಮುಚ್ಚಿದರು. ಚಿಲಕ ಹಾಕಿದರು. ಅಗುಳಿ ಬಿಗಿಯಾಗಿದ್ದರಿಂದ ಎರಡು ಸಲ ಎಳೆಯಬೇಕಾಯಿತು. ತಿರುಗಿ ಬಂದು, "ಹಾಕೀನಿ. ಈಗ ಹೇಳು," ಎಂದರು.

"ಕಾಶವ್ವರಿ. ಮ್ಯಾದಾರ ಓಣಿ." ಆಕೆಯ ದನಿ ಒಡೆಯಿತು. "ಶಂಕ್ರವ್ವ ನನ್ನ ತಂಗಿ. ಸತ್ತು ಏಳು ವರ್ಷಾತ್ರಿ. ಅಂವನ ಎದುರಿಗೆ ಯಾರು ಹೆಸರು ಕೇಳಿದರೂ ಬಾಯಾಗ ಆಕಿ ಹೆಸರ ಬರ್ತೈತಿ, ನಾ ಏನು ಮಾಡ್ಲಿ!"

"ನಾ ರಾಚಪ್ಪರಿ! ಕಲ್ಲಪ್ಪ ನಮ್ಮಪ್ಪ!" ಎಂದು ಎರಡನೆಯವನು ಕೂಗಿದ. ಆಮೇಲೆ ಯಾರೂ ಸರದಿಗೆ ಕಾಯಲಿಲ್ಲ. ಕುರ್ಚಿಯಿಂದ ಕುರ್ಚಿಗೆ ನಿಜವಾದ ಹೆಸರುಗಳು ನುಗ್ಗಿದವು, ಅದರ ಜೊತೆ ಸತ್ತವರ ಹೆಸರು, ಅಳು, ಬೈಗುಳ, ನಡುವೆ ಒಬ್ಬನಿಗೆ ತಡೆಯಲಾರದ ನಗು. ಗುರುಬಸವ್ವನನ್ನು ಯಾಕೆ ತೆಗೆದಿರಿ, ಕೆಲಸ ಮಾಡೋರನ್ನ ನಾವು ಬಯ್ಯಬಾರದೇನು ಎಂದು ಒಬ್ಬಳು ಪ್ರಧಾನಿಗೇ ಗದರಿದಳು. ಗೋಡೆಯ ಮೇಲೆ ಅಂಕಿ ಇಳಿದು ಇಳಿದು ಹತ್ತೊಂಬತ್ತಕ್ಕೆ ಬಂತು. ತಕ್ಕಡಿ ಹುಟ್ಟಿದ ಮೇಲೆ ಅಷ್ಟು ಕಡಿಮೆ ಎಂದೂ ಬಿದ್ದಿರಲಿಲ್ಲ. ಪ್ರಭುಸ್ವಾಮಿ ಕಾಗದವೊಂದನ್ನು ಎಳೆದುಕೊಂಡು ಆ ಅಂಕಿಯನ್ನು ಬರೆದುಕೊಂಡರು.

"ಗೃಹ ಖಾತಿ ಸದ್ಯ ನನ್ನ ಹತ್ರ ಇರಲಿ," ಎಂದರು ನಿಜಗುಣಪ್ಪ ಗದ್ದಲ ತುಸು ತಗ್ಗಿದಾಗ. "ಬ್ಯಾರಕ್ಕಿನಿಂದ ಬಂದ ಉಳಿದ ಆರು ಮಂದೀದೂ ಮತ್ತೊಮ್ಮೆ ಹಾಜರಿ ತೊಗೊಳ್ಳೂನು. ದಾಕ್ಷಾಯಣಿಯವರ, ಈ ತೂಕದ ಕಾಗದಾ ಬರದು ಮುಗಸ್ರಿ."

ಗುಮಾಸ್ತ ಕಾಗದ ತಂದಿಟ್ಟ. ತೂಕ ಸರಿಯಿಲ್ಲವೆಂದರೆ ಬರೆದವರು ಪೂರ್ತಿ ಹೆಸರು, ಗಂಡನ ಹೆಸರು, ಓಣಿ, ಮನೆ ನಂಬರು ಕಾಣಿಸಬೇಕು, ಒಂದು ಪ್ರತಿಯನ್ನು ತೂಗಿಸಿಕೊಂಡವರಿಗೆ ಕೊಡಬೇಕು ಎಂಬುದು ನಿಯಮ. ತೂಗಿಸಿಕೊಂಡವನು ಮುಚ್ಚಿದ ಬಾಗಿಲಿನ ಆಚೆಗೇ ಕೂತಿದ್ದ. ಇನ್ನೂ ಉದ್ಯಾನ ಮಂತ್ರಿಯೇ. ಅವನಿಗೆ ಕಾರಿತ್ತು, ಕಾರಿನಲ್ಲಿ ಅವನ ಜನರಿದ್ದರು.

ದಾಕ್ಷಾಯಣಿ ಪೆನ್ನು ಹಿಡಿದಳು. ಹಿಡಿದದ್ದೇ ತಡ, ಎದೆ ಹಾರತೊಡಗಿತು. ಉಸಿರು ಎಷ್ಟು ಎಳೆದರೂ ಲೆಕ್ಕಕ್ಕೆ ಸಿಗಲಿಲ್ಲ. ಅಂಗೈಯ ಬೆವರಿಗೆ ಪೆನ್ನು ಜಾರಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದಳು. 'ತೂಕ ಸರಿಯಿಲ್ಲ' ಎಂದು ಬರೆದಳು. ಕೆಳಗೆ ದಾಕ್ಷಾಯಣಿ, ಗಂಡ ಮಡಿವಾಳಪ್ಪ ಹುಣಸಿಕಟ್ಟಿ, ಕುಂಬಾರ ಓಣಿ, ಮನೆ ನಂಬರು ಅರುವತ್ತೇಳು ಎಂದು ಒಂದೊಂದಾಗಿ ಬರೆದಳು. ಅಕ್ಷರಗಳು ಸಾಲು ಬಿಟ್ಟು ಮೇಲೆ ಕೆಳಗೆ ಹರಿದಾಡಿದ್ದವು.

ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದ. "ಅಕ್ಕಾರ, ಕೈ ಭಾಳ ನಡಗೇತ್ರಿ. ಬ್ಯಾರೆ ಕಾಗದಾ ಕೊಡ್ಲೇನು? ಸಮಾಧಾನದಿಂದ ಇನ್ನೊಮ್ಮೆ ಬರೀರಿ."

"ಬ್ಯಾಡಪಾ, ಅದನ್ನ ಕೊಡು," ಎಂದಳು ದಾಕ್ಷಾಯಣಿ. "ಅದು ನನ್ನ ಸಹಿ."